ಮುಂದೇನು ಮಾಡುತ್ತೀರಿ?



'ಚಂದಮಾಮ'ದ ಬೇತಾಳ ಕತೆಗಳು ನೆನಪಿರಬೇಕು. ರಾಜ ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಆ ಇಕ್ಕಟ್ಟು ರಾಜನದು, ನಾವು ಬರೀ ಓದುಗರು. ಅದನ್ನು ಓದುಗನ ಕೊರಳಿಗೇ ಕಟ್ಟಿದವರು ಜಪಾನಿನ ವಿಡಿಯೋ ಗೇಮ್‌ನವರು.

1983ರಲ್ಲಿ ಯೂಜಿ ಹೊರೀ ಎಂಬವರು ಕೋಬೆ ನಗರದ ಕೊಲೆಯೊಂದನ್ನು ಪತ್ತೆಹಚ್ಚುವ ಆಟ ಮಾಡಿದರು. ಮೊದಲು ಕಂಪ್ಯೂಟರಿನಲ್ಲಿ ಪದಗಳನ್ನು ಟೈಪ್ ಮಾಡಬೇಕಿತ್ತು. 1985ರಲ್ಲಿ ಅದು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರಕ್ಕೆ ಬಂತು. ಅದಕ್ಕೆ ಕೀಲಿಮಣೆ ಎಲ್ಲಿ? ಹಾಗಾಗಿ ಪಟ್ಟಿಯಿಂದ ಆರಿಸುವ ಕ್ರಮ ಬಂತು. ಫ್ಯಾಮಿಕಾಮ್‌ಗೆ ಅದನ್ನು ಒಗ್ಗಿಸಿದ್ದು ಕೊಯ್ಚಿ ನಕಮುರ ಅವರ ಚುನ್‌ಸಾಫ್ಟ್ ಕಂಪನಿ.

ಗೇಮ್ ಆಡಿ ಅಭ್ಯಾಸವಿಲ್ಲದವರಿಗೂ ರುಚಿಸುವಂಥದ್ದು ಬೇಕೆಂದು ಇದೇ ನಕಮುರ 1992ರಲ್ಲಿ 'ಒತೊಗಿರಿಸೊ' ತಂದರು. ಕಾಡುದಾರಿಯಲ್ಲಿ ಕಾರು ಅಪಘಾತ, ಒಂದು ಜೋಡಿ, ಹಾಳು ಬಂಗಲೆ. ಸರಕೇನೋ ಹಳೆಯದೇ. ಆದರೆ ಪರದೆಯ ತುಂಬ ಅಕ್ಷರ, ಹಿನ್ನೆಲೆಯಲ್ಲಿ ಬಾಗಿಲಿನ ಕಿರ್ರ್ ಸದ್ದು. ಪಾತ್ರಗಳು ಕಾಣುವುದೇ ಇಲ್ಲ. ನಡುನಡುವೆ ಪ್ರಶ್ನೆ: ಒಳಗೆ ಹೋಗುತ್ತೀರಾ, ಹಿಂದಿರುಗುತ್ತೀರಾ? ನೀವು ಆರಿಸಿದಂತೆ ಕತೆ ಕವಲೊಡೆಯುತ್ತದೆ. ಒಮ್ಮೆ ಮುಗಿಸಿ ಮತ್ತೆ ಆಡಿದರೆ ಹೊಸ ದಾರಿಗಳು ತೆರೆಯುತ್ತವೆ. ಇದಕ್ಕೆ ಅವರು ಇಟ್ಟ ಹೆಸರು 'ಸೌಂಡ್ ನಾವೆಲ್'. ರೇಡಿಯೋ ನಾಟಕ ಕೇಳಿ ಬೆಳೆದ ನಮಗೆ ಈ ಭಯದ ಗುಟ್ಟು ಬಿಡಿಸಿ ಹೇಳಬೇಕಿಲ್ಲ.

ನನ್ನ ಲೆಕ್ಕದಲ್ಲಿ ಈ ಬಗೆಯ ಶ್ರೇಷ್ಠ ಆಟ 1994ರ 'ಕಮೈತಾಚಿ ನೊ ಯೊರು'. ಬರೆದವರು ಪತ್ತೇದಾರಿ ಕಾದಂಬರಿಕಾರ ತಕೆಮಾರು ಅಬಿಕೊ. ಹಿಮ ಬಿದ್ದು ಹೊರದಾರಿ ಮುಚ್ಚಿದ ವಸತಿಗೃಹ, ಒಳಗೊಬ್ಬ ಕೊಲೆಗಾರ. ಮನುಷ್ಯರೆಲ್ಲ ಬರೀ ನೀಲಿ ನೆರಳುಗಳು. ಯಾರ ಮುಖವೂ ಇಲ್ಲ. ಹೊತ್ತಿಗೆ ಸರಿಯಾಗಿ ಹಂತಕನನ್ನು ಹಿಡಿಯದಿದ್ದರೆ ಹೆಣಗಳು ಹೆಚ್ಚುತ್ತ ಹೋಗುತ್ತವೆ. ನಿಮ್ಮ ಮೈಮರೆವಿಗೆ ಬೇರೆಯವರ ಪ್ರಾಣ ದಂಡ!

ಆ ಕಾಲಕ್ಕೆ ನಮ್ಮ ಪೇಟೆಗಳಿಗೂ ಫ್ಯಾಮಿಕಾಮ್‌ನ ನಕಲು ಯಂತ್ರಗಳು ಬಂದಿದ್ದವು. ಮಾರಿಯೋ, ಕಾಂಟ್ರಾ ಆಡಲು ಭಾಷೆ ಬೇಕಿರಲಿಲ್ಲ. ಜಪಾನಿ ಅಕ್ಷರ ತುಂಬಿದ ಆಟ ಇಲ್ಲಿ ಯಾರಿಗೆ ಬೇಕು?

2014ರಲ್ಲಿ 'ಕಮೈತಾಚಿ' ಇಂಗ್ಲಿಷಿಗೆ ಬಂದಾಗ ಕತೆಯನ್ನೇ ಕೆನಡಾಕ್ಕೆ ಸಾಗಿಸಿದರು. ಹಾಗಿದ್ದರೆ ಮಹದೇಶ್ವರ ಬೆಟ್ಟದ ದಾರಿಗೇಕೆ ತರಬಾರದು? ಮಳೆಯ ರಾತ್ರಿ, ತಾಳಬೆಟ್ಟ ದಾಟಿದ ತಿರುವಿನಲ್ಲಿ ಕೆಟ್ಟು ನಿಂತ ಬಸ್ಸು, ಒಳಗೆ ಹತ್ತಾರು ಭಕ್ತರು. ಇಳಿಯುತ್ತೀರಾ, ಕೂತಿರುತ್ತೀರಾ? ಕಂಪ್ಯೂಟರ್ ಕಲಿತ ಕೊಳ್ಳೇಗಾಲ, ಹನೂರು ಕಡೆಯ ಹುಡುಗ ಹುಡುಗಿಯರೇ, ಇದನ್ನು ಕನ್ನಡದಲ್ಲಿ ನೀವೇ ಬರೆಯಿರಿ. ಕೊಳ್ಳೇಗಾಲದ ಮಾಟಗಾರನನ್ನು ಮಾತ್ರ ದಯವಿಟ್ಟು ಕರೆತರಬೇಡಿ. ಸಿನಿಮಾದವರು ಅವನನ್ನು ಆಗಲೇ ಸವೆಸಿಬಿಟ್ಟಿದ್ದಾರೆ.