ಡೆನ್ಮಾರ್ಕಿನ ಎಪ್ಪತ್ತು ಪೈಸೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ ‘ಜಗತ್ತಿನ ಕಡುಬಡತನ ಮತ್ತು ಶ್ರೀಮಂತ ದೇಶಗಳ ಹೊಣೆ’. ಆಮಂತ್ರಣ ಪತ್ರಿಕೆ ನೋಡಿದ ಕೂಡಲೇ ನಮ್ಮ ಹಿರಿಯ ಸದಸ್ಯರೊಬ್ಬರು, “ಎಂತದು ಮಾರಾಯ್ರೇ, ಹಿಂಡಿಯ ರೇಟು ಬಿಟ್ಟು ಫಾರಿನ್ ಸುದ್ದಿ ನಮಗೆಂತಕ್ಕೆ?” ಎಂದು ಕೇಳಿದರು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ದೊಡ್ಡ ದೇಶಗಳ ವಿಷಯ ಮಾತಾಡಲು ಬೇರೆ ಯೋಗ್ಯತೆ ಇಲ್ಲ. ಆದರೆ ಈ ವಿಷಯ ನಮ್ಮ ಹಟ್ಟಿಯ ತನಕ ಬಂದು ಹೋಗಿದೆ. ಅದನ್ನಷ್ಟೇ ಹೇಳುತ್ತೇನೆ. ಹಿಂಡಿಯ ಮಾತಿಗೆ ಮಧ್ಯಾಹ್ನದ ಗೋಷ್ಠಿ ಉಂಟು.

1970ನೇ ಇಸವಿ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಒಂದು ನಿರ್ಣಯವಾಯಿತು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ವರಮಾನದ ಶೇಕಡಾ 0.7ರಷ್ಟನ್ನು ಬಡ ದೇಶಗಳ ಅಭಿವೃದ್ಧಿಗೆ ಕೊಡಬೇಕು ಎಂದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ನೂರು ರೂಪಾಯಿ ದುಡಿದವ ಎಪ್ಪತ್ತು ಪೈಸೆ ಕೊಡಬೇಕು. ಈಗ ಎಪ್ಪತ್ತು ಪೈಸೆಗೆ ಅಂಗಡಿಯಲ್ಲಿ ಒಂದು ಮಿಠಾಯಿಯೂ ಸಿಗುವುದಿಲ್ಲ. ಆದರೂ 2024ರ ಲೆಕ್ಕದಲ್ಲಿ ಅದನ್ನು ಮುಟ್ಟಿದ ದೇಶಗಳು ನಾಲ್ಕೇ ನಾಲ್ಕು: ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್ ಮತ್ತು ಡೆನ್ಮಾರ್ಕ್. ಅಮೇರಿಕ ಆ ವರ್ಷವೂ ಒಟ್ಟು ಮೊತ್ತದಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟಿತು, ಆದರೆ ನೂರಕ್ಕೆ ಲೆಕ್ಕ ಹಾಕಿದರೆ ಸುಮಾರು 22 ಪೈಸೆ.

ನಾಲ್ಕು ದೇಶಗಳಲ್ಲಿ ನಾನು ಡೆನ್ಮಾರ್ಕನ್ನು ಹಿಡಿದುಕೊಂಡದ್ದಕ್ಕೆ ಕಾರಣ ಉಂಟು. ಅದು ಹಾಲಿನ ದೇಶ, ಸಹಕಾರದ ದೇಶ. ಜನಸಂಖ್ಯೆ ಸುಮಾರು 60 ಲಕ್ಷ, ನಮ್ಮ ಬೆಂಗಳೂರಿಗಿಂತ ಕಡಿಮೆ. ಅದೂ ಮೊದಲು ದವಸ ಬೆಳೆದು ಮಾರುತ್ತಿದ್ದ ದೇಶವೇ. 1870ರ ನಂತರ ಅಮೇರಿಕ, ರಷ್ಯಾದ ಅಗ್ಗದ ಗೋಧಿ ಬಂದು ಅಲ್ಲಿಯ ರೈತನ ದವಸಕ್ಕೆ ಬೆಲೆ ಇಲ್ಲದ ಹಾಗಾಯಿತು. ಆಗ ಅವರು ದನ ಸಾಕಿ ಬೆಣ್ಣೆಗೆ ತಿರುಗಿದರು. 1882ರಲ್ಲಿ ಯೆಡ್ಡಿಂಗ್ ಎಂಬ ಹಳ್ಳಿಯ ರೈತರು ಸೇರಿ ಮೊದಲ ಸಹಕಾರಿ ಡೈರಿ ಕಟ್ಟಿದರು. ಎಲ್ಲರ ಹಾಲು ಒಂದೇ ಯಂತ್ರಕ್ಕೆ ಹಾಕಿ ಕೆನೆ ತೆಗೆದು, ಉಳಿದ ಹಾಲನ್ನು ಮನೆಗೆ ತಂದು ಹಂದಿಗೆ ಕುಡಿಸುವುದು. ಅಂಥ ಡೈರಿಗಳಲ್ಲಿ ಮತ ಹಾಕುವುದು ಹೇಗೆ ಗೊತ್ತುಂಟಾ? ಐವತ್ತು ದನ ಇದ್ದವನಿಗೂ ಒಂದೇ ಮತ, ಒಂದು ದನ ಇದ್ದವನಿಗೂ ಒಂದೇ ಮತ. ನಮ್ಮ ಬೈಲಾದಲ್ಲೂ ಅದೇ ಇರುವುದು.

ಇಂಥ ದೇಶ 1978ರಲ್ಲಿ ಎಪ್ಪತ್ತು ಪೈಸೆ ಮುಟ್ಟಿತು. ಆ ಮೇಲೆ ಹೆಚ್ಚುಕಡಿಮೆ ಅದೇ ಮಟ್ಟವನ್ನು ಉಳಿಸಿಕೊಂಡು ಬಂದಿದೆ. ಅಲ್ಲಿಯೂ ಸರಕಾರ ಬದಲಾಗುತ್ತದೆ, ಅಲ್ಲಿಯೂ ತೆರಿಗೆ ಹೆಚ್ಚಾಯಿತೆಂದು ಜನ ಗೊಣಗುತ್ತಾರೆ.

ಇನ್ನು ನಮ್ಮ ಹಟ್ಟಿಗೆ ಬರೋಣ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಒಂದು ಕೇಂದ್ರ ಶುರುವಾಯಿತು. ಹೋರಿಯ ವೀರ್ಯವನ್ನು ಕಡ್ಡಿಯಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡುವ ಕೆಲಸ. ನಮ್ಮವರಿಗೆ ಅದರ ತರಬೇತಿಯನ್ನೂ ಅಲ್ಲೇ ಕೊಟ್ಟರು. ಅದೇ ಹೆಸರಘಟ್ಟದಲ್ಲಿ ಈಗ ಕೆ.ಎಂ.ಎಫ್.ನವರ ನಂದಿನಿ ವೀರ್ಯ ಕೇಂದ್ರವೂ ಇದೆ. ನಮ್ಮ ಎಚ್.ಎಫ್., ಜರ್ಸಿ ತಳಿಗಳು ಡೆನ್ಮಾರ್ಕಿನವಲ್ಲ ನಿಜ. ಆದರೆ ಹೋರಿಯನ್ನು ಹುಡುಕಿಕೊಂಡು ಗುಡ್ಡ ಹತ್ತಿ ಇಳಿಯುವ ಬದಲು, ಫೋನು ಮಾಡಿದರೆ ಕಂಟೈನರ್ ಹಿಡಿದುಕೊಂಡು ಬೈಕಿನಲ್ಲಿ ಮನೆ ಬಾಗಿಲಿಗೆ ಬರುತ್ತಾರಲ್ಲ, ಆ ವಿದ್ಯೆ ನಾಡಿಗೆ ಬಂದದ್ದರಲ್ಲಿ ಅವರ ಪಾಲೂ ಉಂಟು.

1982ರಲ್ಲಿ ಡೆನ್ಮಾರ್ಕಿನ ಡ್ಯಾನಿಡಾ ನೆರವಿನಿಂದ ನಮ್ಮ ರಾಜ್ಯದ ಕೃಷಿ ಇಲಾಖೆ ರೈತ ಮಹಿಳೆಯರಿಗೆ, ಯುವಜನರಿಗೆ ತರಬೇತಿ ಕೊಡುವ ‘ವೈಟೆಪ್’ ಯೋಜನೆ ಆರಂಭಿಸಿತು. ನನ್ನ ಅಮ್ಮ ಅಂಥ ಒಂದು ತರಬೇತಿಗೆ ಹೋಗಿ ಬಂದವರು. ಬಿತ್ತನೆ ಭತ್ತವನ್ನು ಉಪ್ಪು ನೀರಿಗೆ ಹಾಕಿ ಜೊಳ್ಳು ತೇಲಿಸುವುದು, ಗೊಬ್ಬರದ ಗುಂಡಿಯನ್ನು ಪದರ ಪದರವಾಗಿ ತುಂಬುವುದು ಅವರು ಕಲಿತು ಬಂದ ಮೇಲೆಯೇ ನಮ್ಮ ಮನೆಯಲ್ಲಿ ಶುರುವಾದದ್ದು. ಡೆನ್ಮಾರ್ಕ್ ಭೂಪಟದಲ್ಲಿ ಎಲ್ಲಿದೆ ಎಂದು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಈಗ ಒಂದು ಮುಖ್ಯ ವಿಷಯ. ಕೊಡುವವರು ಕೊಟ್ಟದ್ದೆಲ್ಲ ಬಡವನಿಗೆ ಒಳ್ಳೆಯದೇ ಆಗುತ್ತದೆ ಎಂದಿಲ್ಲ. 1970ರ ಸಮಯಕ್ಕೆ ಯುರೋಪಿನ ದೇಶಗಳಲ್ಲಿ ಹಾಲಿನ ಪುಡಿ, ಬೆಣ್ಣೆ ಬೆಟ್ಟದ ಹಾಗೆ ರಾಶಿ ಬಿದ್ದಿತ್ತು. ಅದನ್ನು ನಮ್ಮ ಪಟ್ಟಣಗಳಲ್ಲಿ ಪುಕ್ಕಟೆ ಹಂಚಿದ್ದರೆ ಎಂತ ಆಗುತ್ತಿತ್ತು? ಪುಕ್ಕಟೆ ಹಾಲು ಸಿಗುವಾಗ ಹಳ್ಳಿಯವನ ಹಾಲನ್ನು ಯಾರು ಕೊಳ್ಳುತ್ತಾರೆ? ದಾನ ಕೊಟ್ಟವರಿಗೆ ಪುಣ್ಯ, ದನ ಸಾಕಿದವರಿಗೆ ನಷ್ಟ. ಡಾ. ವರ್ಗೀಸ್ ಕುರಿಯನ್ ಅದನ್ನು ಕಂಡುಕೊಂಡರು. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಹಾಲಿನ ಪುಡಿ, 42,000 ಟನ್ ಬೆಣ್ಣೆಯೆಣ್ಣೆ ಉಚಿತವಾಗಿ ಪಡೆಯುವುದೆಂದು ಯೋಜನೆಯಾಯಿತು. ಆದರೆ ಹಂಚಲಿಲ್ಲ. ಹಾಲು ಮಾಡಿ ಮುಂಬಯಿ, ದೆಹಲಿ, ಕಲ್ಕತ್ತಾ, ಮದರಾಸಿನಲ್ಲಿ ಕ್ರಯಕ್ಕೆ ಮಾರಿದರು. ಬಂದ ಹಣದಲ್ಲಿ ಡೈರಿ, ಶೀತಲೀಕರಣ ಘಟಕ, ಹಳ್ಳಿ ಸಂಘಗಳನ್ನು ಕಟ್ಟಿದರು. ಅದೇ ಆಪರೇಷನ್ ಫ್ಲಡ್ ಯೋಜನೆ. ಅದು ಮೂರು ಹಂತಗಳಲ್ಲಿ 1996ರವರೆಗೆ ನಡೆಯಿತು. ಮೂರನೇ ಹಂತದ ಕಾಲದಲ್ಲಿ, 1986ರಲ್ಲಿ, ನಮ್ಮ ದಕ್ಷಿಣ ಕನ್ನಡ ಹಾಲು ಒಕ್ಕೂಟ ಹುಟ್ಟಿತು. ಅದರ ಕೆಳಗೆ ನಮ್ಮ ಈ ಸಂಘ. ಪುಡಿಯನ್ನು ಅಂದೇ ಕುಡಿದು ಮುಗಿಸಿದ್ದರೆ ನಾವು ಇವತ್ತು ಈ ಪೆಂಡಾಲಿನ ಕೆಳಗೆ ಕೂರುತ್ತಿರಲಿಲ್ಲ.

ನಮ್ಮ ತಾಲೂಕಿನಲ್ಲೇ ಇನ್ನೊಂದನ್ನು ಕಂಡಿದ್ದೇವೆ. 2019ರ ಆಗಸ್ಟ್ ನೆರೆಯಲ್ಲಿ ಚಾರ್ಮಾಡಿ, ದಿಡುಪೆ ಕಡೆ ತೋಟ ಗದ್ದೆಗಳ ಮೇಲೆ ಮರಳು, ಮರದ ದಿಮ್ಮಿ ಬಂದು ಬಿದ್ದವು. ಮೊದಲ ವಾರಗಳಲ್ಲಿ ಅಕ್ಕಿ, ಚಾಪೆ, ಬಟ್ಟೆ ಬಂತು. ಕೊಟ್ಟವರಿಗೆ ಕೈ ಮುಗಿಯಬೇಕು. ಆದರೆ ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ಮೂರನೇ ವರ್ಷ ಯಾರು ಕೇಳುತ್ತಾರೆ? ಮನಸ್ಸು ಕರಗಿದಾಗ ಕೊಡುವುದು ಬೇರೆ, ವರ್ಷ ವರ್ಷ ಲೆಕ್ಕದಲ್ಲಿ ಬರೆದು ಕೊಡುವುದು ಬೇರೆ.

ಹಾಗೆಂದು ಡೆನ್ಮಾರ್ಕನ್ನು ದೇವರು ಮಾಡಿ ಗುಡಿ ಕಟ್ಟುವುದು ಬೇಡ. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆಯಾದ ಮೇಲೆ ಅವರು ನಮಗೆ ಹೊಸ ನೆರವು ಕೊಡುವುದನ್ನು ನಿಲ್ಲಿಸಿದರು. ಬಾಂಬು ಸಿಡಿಸಿದ್ದು ದೆಹಲಿ, ತರಬೇತಿ ಬೇಕಾಗಿದ್ದದ್ದು ಹಳ್ಳಿ ಹೆಂಗಸಿಗೆ. ಇದು ನ್ಯಾಯವೆಂದು ನನಗೆ ಕಾಣುವುದಿಲ್ಲ. 2003ರಲ್ಲಿ ನಮ್ಮ ಕೇಂದ್ರ ಸರಕಾರವೇ ಕೆಲವು ದೊಡ್ಡ ದೇಶಗಳದ್ದು ಬಿಟ್ಟು ಉಳಿದವರ ನೇರ ನೆರವು ಬೇಡವೆಂದಿತು. 2022ರಲ್ಲಿ ಡೆನ್ಮಾರ್ಕ್ ತನ್ನಲ್ಲಿಗೆ ಬಂದ ಯುಕ್ರೇನ್ ನಿರಾಶ್ರಿತರ ಖರ್ಚನ್ನೂ ಇದೇ ಎಪ್ಪತ್ತು ಪೈಸೆಯಲ್ಲಿ ಸೇರಿಸಿತು. ನಿರಾಶ್ರಿತರಿಗೆ ಕೊಡಬೇಕು, ಸರಿ. ಆದರೆ ಆಫ್ರಿಕದ ಬಡವನಿಗೆಂದು ತೆಗೆದಿಟ್ಟದ್ದರಲ್ಲಿ ಮನೆಖರ್ಚು ಕಳೆದರೆ ನಮ್ಮ ಲೆಕ್ಕ ಪರಿಶೋಧಕರು ಒಪ್ಪುತ್ತಾರಾ?

ಬೇರೆಯವರ ಕಥೆ ಇನ್ನೂ ಕಷ್ಟ. ಬ್ರಿಟನ್ 2013ರಲ್ಲಿ ಎಪ್ಪತ್ತು ಪೈಸೆ ಮುಟ್ಟಿತು, 2015ರಲ್ಲಿ ಅದನ್ನು ಕಾನೂನೇ ಮಾಡಿತು. 2021ರಲ್ಲಿ ಐವತ್ತಕ್ಕೆ ಇಳಿಸಿತು. 2027ಕ್ಕೆ ಮೂವತ್ತು ಎಂದು 2025ರ ಫೆಬ್ರವರಿಯಲ್ಲಿ ಹೇಳಿತು. ಅಮೇರಿಕ 2025ರ ಜುಲೈಯಲ್ಲಿ ಯು.ಎಸ್. ಏಡ್ ಎಂಬ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಆಯಾ ದೇಶದ ಬೆಲೆಗೆ ಹೊಂದಿಸಿ ದಿನಕ್ಕೆ 3 ಡಾಲರ್‌ಗಿಂತ ಕಡಿಮೆಯಲ್ಲಿ ಬದುಕುವವರು ಜಗತ್ತಿನಲ್ಲಿ ಇನ್ನೂ ಸುಮಾರು 80 ಕೋಟಿ ಜನ ಎಂದು ವಿಶ್ವಬ್ಯಾಂಕ್ ಅದೇ ವರ್ಷ ಲೆಕ್ಕ ಹಾಕಿದೆ. ಹೆಚ್ಚಿನವರು ಆಫ್ರಿಕದಲ್ಲಿ. ಅಲ್ಲಿಯೂ ಹಾಲು ಕರೆಯುವವರಿದ್ದಾರೆ, ಅವರಲ್ಲಿ ಎಷ್ಟೋ ಜನರಿಗೆ ಹೆಸರಘಟ್ಟದಂಥ ನೆರವು ಇನ್ನೂ ಮುಟ್ಟಿಲ್ಲ.

ಸದಸ್ಯ ಬಂಧುಗಳೇ, ಈಗ ನಮ್ಮ ಲೆಕ್ಕ. ಸಂಘದ ನಿವ್ವಳ ಲಾಭದಲ್ಲಿ ಶೇಕಡಾ 25 ಮೀಸಲು ನಿಧಿಗೆ, ಶೇಕಡಾ 2 ಸಹಕಾರ ಶಿಕ್ಷಣ ನಿಧಿಗೆ ಹೋಗುತ್ತದೆ. ಇದು ಕಾನೂನು, ಯಾರೂ ತಕರಾರು ಮಾಡುವುದಿಲ್ಲ. ಬೋನಸ್ಸಿಗಿಂತ ಮೊದಲೇ ತೆಗೆಯುವುದರಿಂದ ಹೋದದ್ದು ಗೊತ್ತೂ ಆಗುವುದಿಲ್ಲ. ಆದರೆ 2022ರಿಂದ ಈಚೆಗೆ ಚರ್ಮಗಂಟು ರೋಗದಲ್ಲಿ ಇದ್ದ ಒಂದೇ ದನ ಕಳೆದುಕೊಂಡು, ವಿಮೆಯೂ ಇಲ್ಲದೆ, ಹಾಲು ಹಾಕುವುದನ್ನೇ ಬಿಟ್ಟ ಮನೆಗಳು ನಮ್ಮಲ್ಲಿ ಉಂಟು. ಅವರಿಗಾಗಿ ನಮ್ಮ ಪುಸ್ತಕದಲ್ಲಿ ಒಂದು ಗೆರೆಯೂ ಇಲ್ಲ. ಆಗಾಗ ಡಬ್ಬಿ ಹಿಡಿದು ಹೊರಡುತ್ತೇವೆ, ಅಷ್ಟೆ.

ಲಾಭದಲ್ಲಿ ಎಪ್ಪತ್ತು ಪೈಸೆ ತೆಗೆದರೆ ಲಕ್ಷಕ್ಕೆ 700 ರೂಪಾಯಿ. ಅದರಲ್ಲಿ ಹಗ್ಗ, ಬಕೆಟ್ ಬಂದೀತು. ಆದರೆ ಡೆನ್ಮಾರ್ಕಿನವರ ಎಪ್ಪತ್ತು ಪೈಸೆ ಉಳಿಕೆಯ ಮೇಲೆ ಅಲ್ಲ, ಒಟ್ಟು ವರಮಾನದ ಮೇಲೆ. ಹಾಗೆ ನಾವೂ ಹಾಲಿನ ಬಿಲ್ಲಿನ ಮೇಲೆ ಇಟ್ಟರೆ? ಸಂಘ ತಿಂಗಳಿಗೆ ಐದು ಲಕ್ಷ ಹಾಲಿನ ಹಣ ಬಟವಾಡೆ ಮಾಡುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 3,500, ವರ್ಷಕ್ಕೆ 42,000 ರೂಪಾಯಿ. ವರ್ಷಕ್ಕೆ ಒಂದು ಮನೆಗೆ ಒಂದು ಮಿಶ್ರತಳಿ ಕಡಸು ಕೊಡಿಸಬಹುದು. ಪುಕ್ಕಟೆ ಅಲ್ಲ. ಅವರು ಹಾಲು ಹಾಕಲು ಶುರು ಮಾಡಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ನಿಧಿಗೆ ಹಿಂದಿರುಗಿಸಬೇಕು, ಆ ಹಣ ಇನ್ನೊಂದು ಮನೆಗೆ ಹೋಗಬೇಕು. ಮೊದಲ ದಿನದಿಂದಲೇ ವಿಮೆ ಕಡ್ಡಾಯ.

ಎರಡು ಹೊತ್ತಿಗೆ ಸೇರಿ ನಾಲ್ಕು ಲೀಟರ್ ಹಾಕುವವರ ಬಿಲ್ಲಿನಲ್ಲೂ ಕಡಿತ ಮಾಡುವುದಾ ಎಂದು ಆಡಳಿತ ಮಂಡಳಿಯಲ್ಲಿ ಕೇಳಿದ್ದಾರೆ. ಬೇಡ ಎಂದೇ ನನ್ನ ಅಭಿಪ್ರಾಯ. ದಿನಕ್ಕೆ ಐದು ಲೀಟರಿಗಿಂತ ಕಡಿಮೆಯವರನ್ನು ಬಿಡೋಣ, ಆದರೆ ನಿಧಿಯಿಂದ ಪಡೆಯುವ ಹಕ್ಕು ಅವರಿಗೂ ಇರಲಿ. ಇದಕ್ಕೆ ಒಪ್ಪದವರು ಇದ್ದಾರೆ. ಅವರ ವಾದದಲ್ಲೂ ಹುರುಳಿಲ್ಲದಿಲ್ಲ, ಎಲ್ಲರೂ ಕೊಟ್ಟರೆ ಎಲ್ಲರದ್ದೂ ಎಂಬ ಭಾವನೆ ಬರುತ್ತದೆ ಎನ್ನುತ್ತಾರೆ. ಬರುವ ಮಹಾಸಭೆಯ ನೋಟೀಸಿನಲ್ಲಿ ಈ ವಿಷಯ ಸೇರಿಸಲು ಅಧ್ಯಕ್ಷರು ಒಪ್ಪಿದ್ದಾರೆ. ಬೇಕು ಎನ್ನುವವರೂ ಬನ್ನಿ, ಬೇಡ ಎನ್ನುವವರೂ ಬನ್ನಿ. ಹಾಲು ನಿಲ್ಲಿಸಿದ ಮನೆಯವರು ನಿಮ್ಮ ನೆರೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ.