ತಾಯಿಯ ಮಡಿಲೂ ತಲಪಾಡಿಯ ದಾರಿಯೂ



1956ರ ನವೆಂಬರ್ 1ರಂದು ರಾಜ್ಯಗಳ ಗೆರೆಯು ತಲಪಾಡಿಯಲ್ಲಿ ಬಿದ್ದಿತಾದರೂ ಕುಂಬಳೆಯ ರೋಗಿಗೆ ಮಂಗಳೂರಿನ ದಾರಿ ತಪ್ಪಲಿಲ್ಲ. ಆ ದಾರಿಯೇ 2020ರ ಮಾರ್ಚಿಯಲ್ಲಿ ಕೋವಿಡಿನ ಭೀತಿಯಿಂದ ಮುಚ್ಚಿತು, ಪ್ರಾಣಗಳು ಹೋದವು. ತಡೆಯನ್ನು ತೆರವುಗೊಳಿಸುವಂತೆ ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವೇ ಆಜ್ಞಾಪಿಸಬೇಕಾಯಿತು.

ನಾನಿಂದು ಬಿನ್ನವಿಸುವುದು ಇನ್ನೊಂದು ಅಗಲಿಕೆಯ ವಿಷಯ. ದಿನ ತುಂಬದ ಹಸುಳೆಯನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳುಹುವಾಗ ಬಾಣಂತಿಯು ಇಲ್ಲಿಯೇ ಉಳಿದುಬಿಡುವುದುಂಟು. ಶಿಶುವಿನ ಮೈಬಿಸಿಯು 36.5 ಡಿಗ್ರಿಗಿಂತ ಕೆಳಗಿಳಿಯಬಾರದು. ತಾಯಿಯ ಎದೆಗಿಂತ ನಂಬುಗೆಯ ಬಿಸುಪು ಎಲ್ಲಿಯದು? 1970ರ ದಶಕದ ಕೊನೆಗೆ ಕೊಲಂಬಿಯದ ಬೊಗೋಟಾದ ವೈದ್ಯರು, ಇನ್‌ಕ್ಯುಬೇಟರುಗಳು ಸಾಲದಿರಲು, ಹಸುಳೆಗಳನ್ನು ತಾಯಂದಿರ ಬರಿಯೆದೆಗೆ ಕಟ್ಟಿದರು. ಕಾಂಗರೂ ಆರೈಕೆಯೆಂದು ಅದಕ್ಕೆ ಹೆಸರಾಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದೊಡನೆ ಹೀಗೆ ಆರೈಕೆಗೊಂಡ ಕಡಿಮೆ ತೂಕದ ಶಿಶುಗಳಲ್ಲಿ ಸಾವು ಕಾಲುಭಾಗದಷ್ಟು ತಗ್ಗಿತು.

ಉಸಿರಾಟಕ್ಕೆ ಯಂತ್ರ ಬೇಕಾದ ಶಿಶುವಿನ ಸಂಗತಿ ಬೇರೆ. ಅಲ್ಲಿ ವೈದ್ಯರ ಮಾತೇ ಪ್ರಮಾಣ. ಶಸ್ತ್ರಕ್ರಿಯೆಯಾದ ತಾಯಿಯೂ ಕೂಡಲೇ ಏಳಲಾರಳು. ಆದರೆ ಬಾಣಂತಿ ಹೊಸ್ತಿಲು ದಾಟಬಾರದೆಂಬ ಹಿರಿಯರ ಮಾತನ್ನು (ಅದರಲ್ಲಿ ಕರುಣೆಯೂ ಇದ್ದಿತು) ಇಲ್ಲಿಗೆ ಅನ್ವಯಿಸುವುದು ಸಲ್ಲದು. ವಾಹನ ಹೊರಡುವ ಮೊದಲು, ತಾಯಿಯನ್ನೂ ಕರೆದೊಯ್ಯಬಹುದೇ ಎಂದು ಮನೆಯವರು ಬಾಯಿಬಿಟ್ಟು ಕೇಳಬೇಕು. ಆಗದೆಂದರೆ, ಅವಳ ಹಾಲನ್ನಾದರೂ ದಾದಿಯರು ಹೇಳಿದಂತೆ ಶುಚಿಯಾಗಿ ಹಿಂಡಿ ಕಳುಹಿರಿ. ಮೈ ತಾಳಿದ ದಿನವೇ ಅವಳನ್ನು ಮಗುವಿನ ಬಳಿಗೆ ಮುಟ್ಟಿಸಿರಿ. ಅವಧಿಗೆ ಮುನ್ನವೇ ನೋವು ಕಾಣಿಸಿದಲ್ಲಿ, ವೈದ್ಯರು ಒಪ್ಪಿದರೆ, ಹೆರಿಗೆಗೆ ಮೊದಲೇ ಗರ್ಭಿಣಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಎಲ್ಲಕ್ಕಿಂತ ಮೇಲು. ಒಡಲಿನಷ್ಟು ಭದ್ರವಾದ ವಾಹನವನ್ನು ಯಾರೂ ಕಟ್ಟಿಲ್ಲ.