ದೂರದ ಯಂತ್ರಕ್ಕೆ ಆಜ್ಞೆ



ಒಂದೂರಿನಲ್ಲಿ ಕುಳಿತವನು ಮತ್ತೊಂದೂರಿನ ಕಂಪ್ಯೂಟರನ್ನು ತನ್ನ ಕೈಯಡಿಯಲ್ಲಿರುವದೋ ಎಂಬಂತೆ ನಡೆಯಿಸುವದು ಈಗ ಯಾರಿಗೂ ಆಶ್ಚರ್ಯವಲ್ಲ. ಉಭಯ ಯಂತ್ರಗಳಲ್ಲಿಯೂ ಅದಕ್ಕೆ ತಕ್ಕ ಸಾಫ್ಟ್‌ವೇರ್ ಇದ್ದರಾಯಿತು. ಇಲ್ಲಿ ಒತ್ತಿದ ಕೀಲಿಯು ಸಂಕೇತವಾಗಿ ಅಲ್ಲಿಗೆ ಹೋಗುತ್ತದೆ. ಕೆಲಸವೆಲ್ಲ ಅಲ್ಲಿಯ ಯಂತ್ರದಲ್ಲಿಯೇ ಆಗುತ್ತದೆ. ಅಲ್ಲಿಯ ತೆರೆಯ ಚಿತ್ರವು ಮಾತ್ರ ಇಲ್ಲಿಗೆ ಮರಳುತ್ತದೆ. ನೋಡುವದು, ತಿದ್ದುವದು, ಮತ್ತೆ ನೋಡುವದು, ಇದೇ ಇದರ ಕ್ರಮ. ಚಿತ್ರವು ಮರಳಿ ಬರಲು ಕ್ಷಣಮಾತ್ರ ಸಾಕಾಗುವದರಿಂದ ನಡುವಣ ದೂರವು ಮರೆತೇಹೋಗುತ್ತದೆ.

ಮರೆಯಲಾಗದಷ್ಟು ದೂರವಾದರೆ ಗತಿಯೇನು? ಇದಕ್ಕೆ ಉತ್ತರವು ಯಶವಂತಪುರದ ನೆರೆಯ ಪೀಣ್ಯದಲ್ಲಿದೆ. ಇಸ್ರೋ ಸಂಸ್ಥೆಯ ವ್ಯೋಮನೌಕೆಗಳಿಗೆ ಆಜ್ಞೆ ಕೊಡುವ ಕೇಂದ್ರವು ಅಲ್ಲಿಯೇ ಇರುವದೆಂಬದು ಆ ಕಾರ್ಖಾನೆಗಳ ಗದ್ದಲದಲ್ಲಿ ದಾರಿಹೋಕರಿಗೆ ತೋರಲಾರದು.

2013ನೆಯ ನವೆಂಬರ್ 5ರಂದು ಹೊರಟ ಮಂಗಳಯಾನವು 2014ನೆಯ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳನ ಕಕ್ಷೆಯನ್ನು ಸೇರಬೇಕಾಗಿದ್ದಿತು. ಆಗ ಅದು ಸುಮಾರು 22 ಕೋಟಿ ಕಿಲೋಮೀಟರ್ ಆಚೆಗಿದ್ದುದರಿಂದ, ಬೆಳಕಿನ ವೇಗದಲ್ಲಿ ಓಡುವ ರೇಡಿಯೋ ಸಂಕೇತಕ್ಕೂ ಹೋಗಲು 12 ನಿಮಿಷಕ್ಕೆ ಮಿಕ್ಕ ಕಾಲ ಹಿಡಿಯುತ್ತಿದ್ದಿತು, ಬರಲೂ ಅಷ್ಟೇ. ವೇಗವನ್ನು ತಗ್ಗಿಸಲು ಎಂಜಿನ್ ಉರಿಯಬೇಕಾದದ್ದಾದರೋ ಸುಮಾರು 24 ನಿಮಿಷ. ಕಡಿಮೆ ಉರಿದರೆ ನೌಕೆಯು ಮಂಗಳನನ್ನು ದಾಟಿ ಹೋಗಿಬಿಡುವದು. ತಪ್ಪನ್ನು ಕಂಡು ತಿದ್ದುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತಿದ್ದಿತು. ಮೇಲಾಗಿ ಎಂಜಿನ್ ಉರಿಯುತ್ತಿರುವಾಗಲೇ ನೌಕೆಯು ಮಂಗಳನ ಮರೆಗೆ ಸರಿಯುವದಿದ್ದಿತು. ಹೊಳೆಯಾಚೆಯ ಎತ್ತನ್ನು ಕೂಗಿ ತಿರುಗಿಸುವ ಬಗೆ ಇಲ್ಲಿ ನಡೆಯದು.

ಆದಕಾರಣ ಪೀಣ್ಯದವರು ಸುಮಾರು ಹತ್ತು ದಿನ ಮುಂಚಿತವಾಗಿಯೇ ಆಜ್ಞೆಗಳೆಲ್ಲವನ್ನೂ ನೌಕೆಯ ಕಂಪ್ಯೂಟರಿಗೆ ಕಳುಹಿದರು: ಯಾವ ಗಳಿಗೆಯಲ್ಲಿ ತಿರುಗಬೇಕು, ಯಾವಾಗ ಎಂಜಿನ್ ಹೊತ್ತಿಸಬೇಕು, ಎಷ್ಟು ವೇಗ ಇಳಿದ ಮೇಲೆ ನಂದಿಸಬೇಕು. ದೊಡ್ಡ ಎಂಜಿನ್ ಕೈಕೊಟ್ಟರೆ ಎಂಟು ಸಣ್ಣವುಗಳಿಂದಲೇ ಸಾಗುವ ಉಪಾಯವೂ ಸಿದ್ಧವಾಗಿದ್ದಿತು. ಆ ಶಂಕೆಗೆ ಕಾರಣವಿಲ್ಲದಿರಲಿಲ್ಲ, ಏಕೆಂದರೆ ಸುಮಾರು 300 ದಿನ ಸುಮ್ಮನಿದ್ದ ಎಂಜಿನ್ ಅದು. 22ರಂದು ಸುಮಾರು 4 ಸೆಕೆಂಡು ಉರಿಸಿ ಪರೀಕ್ಷಿಸಿದ್ದಷ್ಟೇ.

ಅಂದು ಬೆಳಿಗ್ಗೆ 7 ಗಂಟೆ 17 ನಿಮಿಷಕ್ಕೆ ಎಂಜಿನ್ ಹೊತ್ತಿಕೊಂಡಿತು. ಆ ವಾರ್ತೆ ಬಂದದ್ದು ಏಳೂವರೆಗೆ. ಬಳಿಕ ನೌಕೆಯು ಮರೆಯಾಗಿ ಸಂಕೇತವು ನಿಂತಿತು. ಆಜ್ಞೆ ಕೊಟ್ಟವರು ಆ ಹೊತ್ತಿನಲ್ಲಿ ಪ್ರೇಕ್ಷಕರಿಗಿಂತ ಹೆಚ್ಚಿನವರಾಗಿರಲಿಲ್ಲ. ಸುಮಾರು ಎಂಟು ಗಂಟೆಗೆ ಆಸ್ಟ್ರೇಲಿಯದ ಕ್ಯಾನ್‌ಬೆರಾ ಬಳಿಯ ನಿಲ್ದಾಣದ ಮೂಲಕ ಸಂಕೇತವು ಪುನಃ ದೊರೆಯಿತು. ನೌಕೆಯ ವೇಗವು ಸೆಕೆಂಡಿಗೆ 1099 ಮೀಟರಿನಷ್ಟು ತಗ್ಗಿದ್ದಿತು.

ಆರು ತಿಂಗಳ ಕೆಲಸಕ್ಕೆಂದು ಕಳುಹಿದ ಆ ಯಂತ್ರವು 2022ನೆಯ ಏಪ್ರಿಲ್‌ವರೆಗೂ ಮಂಗಳನ ಸುತ್ತ ದುಡಿಯಿತು. ಆಗ ದೀರ್ಘ ಗ್ರಹಣದ ನೆರಳಿನೊಳಗೆ ಹೊಕ್ಕ ಮೇಲೆ ಭೂಮಿಯೊಡನೆ ಅದರ ಸಂಪರ್ಕವು ಕಡಿದುಹೋಯಿತು.